ವಿಯೆಟ್ನಾಮಿನವಳಿಗೆ ಉಡಿ ತುಂಬಿದ್ದು

ಮುಂಬಯಿಯ ನಮ್ಮ ಕನ್ನಡ ಸಂಘದ ಸಭಾಗೃಹಕ್ಕೆ ವಿಯೆಟ್ನಾಮಿನಿಂದ ಒಬ್ಬ ಹೆಣ್ಣುಮಗಳು ಬರುತ್ತಾಳೆ ಎಂಬ ಸುದ್ದಿಯನ್ನು ಚಾಳಿಗೆ ತಂದವಳು ಲಕ್ಷ್ಮವ್ವ ಆಯಿ. ಅವ್ವ ಆಗಷ್ಟೇ ಪವಾಯಿಯ ಕಟ್ಟಡದ ಕೆಲಸದಿಂದ ಬಂದು ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದಳು. ಸಿಮೆಂಟು ಒಂದೇ ನೀರಿಗೆ ಹೋಗುವುದಿಲ್ಲ.

"ವಿಯೆಟ್ನಾಮ್ ಅಂದ್ರ ಎಲ್ಲಿ ಬರ್ತೈತಬೇ ಆಯಿ?" ಎಂದಳು ಅವ್ವ.

"ನನಗೇನ್ ಗೊತ್ತು. ವಿರಾರದ ಆಚೀಗಿ ಇರಬೇಕು," ಎಂದು ಆಯಿ ನಕ್ಕಳು. "ಅಮೇರಿಕಾದವ್ರನ್ನ ಹೊಡದು ಓಡಿಸ್ಯಾರಂತ. ಹೆಂಗಸರೂ ಬಂದೂಕ ಹಿಡಿದಿದ್ರಂತ. ಸಂಘದ ನೀಲಕಂಠಪ್ಪ ಹೇಳಿದ."

"ಆತ ಹೇಳಿದ್ರ ಖರೇನ ಇರಬೇಕು. ಮನ್ಯಾಗ ಹೆಂಡ್ತಿ ಮಲ್ಲಕ್ಕನ ಮುಂದ ಬಾಯಿ ಬಿಡಾಂಗಿಲ್ಲ. ಹೊರಗರ ಖರೇ ಮಾತಾಡಬೇಕಲ್ಲ."

ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ವಿಯೆಟ್ನಾಮ್ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಆದರೆ ಹೇಳಲಿಲ್ಲ. ಅಪ್ಪ ಕಟ್ಟಡಕ್ಕೆ ಕಟ್ಟಿದ ಬಿದಿರಿನ ಪರಾಂಚಿಯಿಂದ ಬಿದ್ದು ಸತ್ತಾಗ ನಾನು ಆರನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟೆ. ಅಂದಿನಿಂದ ಸಂಘದ ಸಭಾಗೃಹ ಗುಡಿಸುವ ಕೆಲಸ ನನ್ನದು. ಅಲ್ಲಿಗೆ ಕನ್ನಡ ಪತ್ರಿಕೆ ಬರುತ್ತದೆ. ಗುಡಿಸಿದ ಮೇಲೆ ಓದುತ್ತೇನೆ. ಹೋದ ವರ್ಷ ಯುದ್ಧ ಮುಗಿದಾಗ ಅದರಲ್ಲಿ ಒಂದು ಚಿತ್ರ ಬಂದಿತ್ತು. ಬಾಂಬು ಬಿದ್ದು ಕೆರೆಯಂತಾದ ರಸ್ತೆ. ಹೆಗಲ ಮೇಲೆ ಬಿದಿರಿನ ಅಡ್ಡೆ ಇಟ್ಟುಕೊಂಡು, ಎರಡೂ ತುದಿಗೆ ಬುಟ್ಟಿ ಕಟ್ಟಿಕೊಂಡು, ಹೆಂಗಸರು ಸಾಲಾಗಿ ಮಣ್ಣು ತಂದು ಸುರಿಯುತ್ತಿದ್ದರು. ಯಾರ ಕೈಯಲ್ಲೂ ಬಂದೂಕು ಇರಲಿಲ್ಲ. ನನಗೆ ಆ ಹೆಂಗಸರು ಪರದೇಶದವರು ಅನ್ನಿಸಲೇ ಇಲ್ಲ. ಅವ್ವನ ಕೆಲಸದ ಜಾಗಕ್ಕೆ ಊಟ ಒಯ್ದಾಗ ದಿನವೂ ನೋಡುವವರ ಹಾಗೇ ಇದ್ದರು.

ಅವ್ವನ ಹೆಸರು ಗುರುಬಾಯಿ. ಕಾಂದಿವಲಿಯ ನಮ್ಮ ಚಾಳಿನಲ್ಲಿ ಆ ಹೆಸರು ತಿಳಿಯದವರಿಲ್ಲ. ವಾರ್ಡ್ ಆಫೀಸಿನ ಎದುರು ಬರಿಗೊಡ ಇಟ್ಟುಕೊಂಡು ಹೆಂಗಸರನ್ನು ಕೂಡಿಸಿ ಚಾಳಿಗೆ ನಳ ತಂದವಳು ಅವಳು. ಸಂಘದ ಸಭಾಗೃಹ ಕಟ್ಟಿದಾಗ ರವಿವಾರಗಳಂದು ಕೂಲಿಯಿಲ್ಲದೆ ಇಟ್ಟಿಗೆ, ಮರಳು ಹೊತ್ತವರು ನಮ್ಮ ಹೆಂಗಸರು. ನೆಲಕ್ಕೆ ಹಾಸಿದ ಶಹಾಬಾದಿ ಕಲ್ಲಿನ ಫರಸಿಯಷ್ಟೂ ಅವ್ವನ ತಲೆಯ ಮೇಲಿಂದಲೇ ಇಳಿದದ್ದು. ಬಾಗಿಲಿನ ಪಕ್ಕದ ಕಲ್ಲಿನಲ್ಲಿ ಮಾತ್ರ ಗಂಡಸರ ಹೆಸರುಗಳಿವೆ. ಗುಡಿಸುವಾಗಲೆಲ್ಲ ಆ ಕಲ್ಲನ್ನು ಒರೆಸುವವಳು ನಾನು.

ಅವ್ವನ ಇನ್ನೊಂದು ರೀತಿಯನ್ನೂ ಇಲ್ಲಿಯೇ ಹೇಳಬೇಕು. ಒಮ್ಮೆ ಕೆಲಸದಲ್ಲಿ ಕೂಲಿಗಳ ಮೇಲಿನ ಮುಕಾದಮ ಅವಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ. ಅಷ್ಟರಲ್ಲಿ ಹಿಂದಿನಿಂದ ಒಬ್ಬಳು ಮರಳು ತುಂಬಿದ ತಗಡಿನ ಘಮೇಲಾ ತಲೆಯ ಮೇಲೆ ಹೊತ್ತು ಬಂದು, ಇಳಿಸುವವರಿಲ್ಲದೆ ನಿಂತಳು. ಅವ್ವ ಮುಕಾದಮನಿಗೆ "ತಡೀರಿ" ಎಂದು ಕೈ ತೋರಿಸಿ, ಹೋಗಿ ಅವಳ ಘಮೇಲಾ ಇಳಿಸಿಕೊಂಡಳು. ಆಮೇಲೆ ಬಂದು ಅವನಿಗೆ ಕೊಡಬೇಕಾದ ಉತ್ತರ ಕೊಟ್ಟಳು. ಭಾರ ಹೊರುವವರಲ್ಲಿ ಅದೊಂದು ಕಟ್ಟಳೆ. ಜಗಳವಿರಲಿ, ಸಾವಿರಲಿ, ಹೊತ್ತು ನಿಂತವಳನ್ನು ನಿಲ್ಲಿಸಬಾರದು. ಮೊದಲು ಭಾರ ಇಳಿಸಬೇಕು.

ವಿಯೆಟ್ನಾಮಿನ ಮಹಿಳೆಯರ ಒಂದು ತಂಡವನ್ನು ಪಾರ್ಲೆಯ ಕೆಲವು ಹೆಣ್ಣುಮಕ್ಕಳ ಸಮಿತಿ ಮುಂಬಯಿಗೆ ಕರೆಸಿತ್ತು. ಅವರಲ್ಲೊಬ್ಬಳನ್ನು ಕಾರ್ಮಿಕರ ನಡುವೆ ಕಳಿಸುತ್ತೇವೆ ಎಂದಾಗ, ನಮ್ಮ ಸಂಘದ ಅಧ್ಯಕ್ಷ ನೀಲಕಂಠಪ್ಪ ಕಾಕಾ ಕೈ ಎತ್ತಿದ್ದರು. ಅವರು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಫೋರ್‌ಮನ್. ತುರ್ತುಪರಿಸ್ಥಿತಿಯ ಕಾಲ, ಸಭೆಗೆ ಪೊಲೀಸರ ಪರವಾನಗಿ ಬೇಕು. ಅದನ್ನೂ ಓಡಾಡಿ ತಂದರು. 'ವಿಯೆಟ್ನಾಮಿನ ವೀರ ಮಹಿಳೆಯರಿಗೆ ಕನ್ನಡಿಗರ ಗೌರವ' ಎಂದು ಬಟ್ಟೆಯ ಮೇಲೆ ಬರೆಸಿದರು. ಹಾರ, ಶಾಲು ಎಲ್ಲರೂ ಹಾಕುತ್ತಾರೆ, ನಾವು ನಮ್ಮ ಪದ್ಧತಿಯಂತೆ ಉಡಿ ತುಂಬೋಣ ಎಂದೂ ಅವರೇ ಹೇಳಿದರು. ತುಂಬುವವಳು ಅವರ ಹೆಂಡತಿ ಮಲ್ಲಕ್ಕ ಕಾಕಿ. ತಾಟು ಹಿಡಿಯಲು ಒಂದು ಕನ್ನೆ ಬೇಕೆಂದು ನನ್ನನ್ನು ಆರಿಸಿದರು. "ಶಾವಂತ್ರಿ ಛಲೋ. ಕಲ್ಲಿನಂಗ ನಿಂದರ್ತಾಳ, ಪಿಟಕ್ ಅನ್ನಾಂಗಿಲ್ಲ" ಎಂದರು ಮಲ್ಲಕ್ಕ ಕಾಕಿ.

ಉಡಿಗೆ ಕುಪ್ಪಸದ ಖಣ ಬೇಕಲ್ಲ. ಕಾಂದಿವಲಿಯ ಬಜಾರಿನಲ್ಲಿ ಸಿಕ್ಕದ್ದೆಲ್ಲ ನೈಲಾನ್. ಅವ್ವ ಟ್ರಂಕಿನ ತಳದಿಂದ ಒಂದು ಗುಳೇದಗುಡ್ಡದ ಖಣ ತೆಗೆದಳು. ಹಸಿರು ನೆಲ, ಕೆಂಪು ದಡಿ. ಅಪ್ಪ ಊರಿಗೆ ಹೋದಾಗ ಅವ್ವನಿಗಾಗಿ ತಂದದ್ದು. ಅದನ್ನು ಹೊಲಿಸುವ ಮೊದಲೇ ಅವನು ಬಿದ್ದ. ಆಮೇಲೆ ಅವ್ವನ ಉಡಿ ಯಾರೂ ತುಂಬಲಿಲ್ಲ, ಖಣ ಹೊಲಿಸುವ ಮಾತೇ ಬರಲಿಲ್ಲ.

"ಅಷ್ಟು ದೂರದಿಂದ ಬರೋ ಹೆಣ್ಣಮಗಳಿಗೆ ನೈಲಾನ್ ಇಡ್ತಾರೇನು?" ಎಂದು ಅದನ್ನು ಒಯ್ದು ಸಂಘಕ್ಕೆ ಕೊಟ್ಟಳು.

ಸಭೆಯ ಹಿಂದಿನ ದಿನ ಮಧ್ಯಾಹ್ನ ಸಭಾಗೃಹದ ಮೂಲೆಯಲ್ಲಿ ನಾನು, ಲಕ್ಷ್ಮವ್ವ ಆಯಿ ಉಡಿಯ ಅಕ್ಕಿ ಆರಿಸುತ್ತಿದ್ದೆವು. ಪಾರ್ಲೆಯ ಸಮಿತಿಯಿಂದ ಸುಮತಿತಾಯಿ ಎಂಬ ಮರಾಠಿ ಬಾಯಿ ವ್ಯವಸ್ಥೆ ನೋಡಲು ಬಂದಿದ್ದರು. ಬರುವವಳ ಹೆಸರು ಲಿಯೆನ್ ಎಂದರು. ಈಗ ಶಾಲೆಯಲ್ಲಿ ಕಲಿಸುತ್ತಾಳೆ, ಇಂಗ್ಲಿಷ್ ಬರುತ್ತದೆ, ತಾವು ಅದನ್ನು ಹಿಂದಿಯಲ್ಲಿ ಹೇಳುವುದಾಗಿ ತಿಳಿಸಿದರು. ಚಹಾ ಕುಡಿಯುತ್ತ, "ಪತಿ ಲಡಾಯಿ ಮೇ ಶಹೀದ್ ಹೋ ಗಯೇ," ಎಂದು ಅವಳ ಗಂಡ ಯುದ್ಧದಲ್ಲಿ ಸತ್ತದ್ದನ್ನು ಸಹಜವಾಗಿ ಅಂದು, ಲೋಕಲ್ ಹಿಡಿಯಲು ಎದ್ದು ಹೋದರು.

ಅವರು ಮೆಟ್ಟಿಲಿಳಿದ ಮೇಲೆ ಮಲ್ಲಕ್ಕ ಕಾಕಿ ಕೇಳಿದರು: "ಅಂದ್ರ... ಆಕಿ ಮುತ್ತೈದಿ ಅಲ್ಲೇನು?"

ಕಾಕಾ ಚಹಾದ ಬಟ್ಟಲು ಕೆಳಗಿಟ್ಟರು. ಸಂಘದ ಕಾರ್ಯದರ್ಶಿ ಮುರಿಗೆಪ್ಪ ಅವರ ಕಡೆ ಬಾಗಿದ. "ಶಾಲ್ ಹೊಚ್ಚಿ ಕಳಿಸಿಬಿಡೋಣ್ರಿ ಹಂಗಾರ."

"ಪೇಪರಿನವ್ರಿಗೆ ಉಡಿ ತುಂಬತೀವಿ ಅಂತ ಹೇಳೀನಲ್ಲೋ ಮಾರಾಯಾ! ಫೋಟೊದವ ಬರ್ತಾನ," ಎಂದರು ಕಾಕಾ.

ಮಲ್ಲಕ್ಕ ಕಾಕಿ ಬಳೆ ತಿರುಗಿಸಿದರು. "ಹೋಗ್ಲಿ ಬಿಡ್ರಿ. ಪರದೇಶದಾಕಿ. ಆಕಿಗೆ ಎಲ್ಲಿ ತಾಳಿ, ಎಲ್ಲಿ ಕುಂಕುಮ? ಅವ್ರ ರೀತಿನ ಬ್ಯಾರೆ. ನಡೀತೈತಿ."

"ಅದ ಮತ್ತ!" ಕಾಕಾ ಹಗುರಾದರು. "ಶಹೀದನ ಹೆಂಡ್ತಿ. ವೀರ ಮಹಿಳಾ!"

ಆಯಿ ಮೊರ ಕೆಳಗಿಟ್ಟಳು. "ಹಂಗಾರ ನಂದೊಂದು ಮಾತ. ಖಣ ಗುರುಬಾಯಿದು. ಈ ಫರಸಿ ಗುರುಬಾಯಿ ತಲಿ ಮ್ಯಾಲೆ ಬಂದಾವ. ಗಂಡ ಸತ್ತಾಕಿಗೆ ಉಡಿ ನಡೀತೈತಿ ಅಂದ್ರ, ಖಣ ಒಂದರ ಗುರುಬಾಯಿ ಕೈಲೆ ಇಡಸ್ರಿ. ಏನ್ ಧಾಡಿ?"

"ಆಯೀ, ನಿನಗ ವಯಸ್ಸಾತು," ಎಂದರು ಮಲ್ಲಕ್ಕ ಕಾಕಿ. "ಬರೋ ತಿಂಗಳ ನನ್ನ ಬಸರಿ ಮಗಳ ಕುಬಸ ಐತಿ. ಅಂಥಾದ್ರಾಗ ಮುಂಡಿ ಕೈ ಹಚ್ಚಿದ ತಾಟಿಗೆ ನಾ ಕೈ ಹಚ್ಚಲೇನು? ಗುರುಬಾಯಿ ಅಡಗಿ ನೋಡ್ಕೋಲಿ. ಹೋಳಗಿ ಮಾಡೋದ್ರಾಗ ಆಕಿ ಕೈ ಯಾರಿಗೈತಿ?"

ಅವ್ವನ ಕೈ ಹೋಳಿಗೆಗೆ ಬೇಕು, ಫರಸಿಗೆ ಬೇಕು, ಖಣ ಕೊಡುವುದಕ್ಕೂ ಬೇಕು. ಇಡುವುದಕ್ಕೆ ಬೇಡ. ನನ್ನ ಕೈಯಲ್ಲಿ ಅಕ್ಕಿಯಿಂದ ಆರಿಸಿದ ಹರಳೊಂದಿತ್ತು. ಅದನ್ನು ಎಷ್ಟು ಒತ್ತಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಗುರುತು ಬಿದ್ದಿತ್ತು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವಳು ತಲೆ ಬಾಚಿಕೊಳ್ಳುತ್ತಿದ್ದಳು. ಭಾರ ಹೊರಲು ಸಿಂಬಿ ಇಟ್ಟು ಇಟ್ಟು ಅವಳ ನೆತ್ತಿಯ ಕೂದಲು ತೆಳುವಾಗಿದೆ.

"ಅಡಗಿ ಮನ್ಯಾಗರ ಬಿಸಲಿಲ್ಲ. ಛಲೋನ ಆತು," ಎಂದಳು.

"ಖಣ ತಿರುಗಿ ಇಸ್ಕೊಂಬಾ ಅವ್ವಾ."

"ಹುಚ್ಚಿ, ಕೊಟ್ಟದ್ದ ಯಾರರ ಇಸ್ಕೋತಾರೇನು? ಆ ಹೆಣ್ಣಮಗಳೇನ ತಪ್ಪ ಮಾಡ್ಯಾಳ?"

"ಆಕಿಗೂ ಗಂಡಿಲ್ಲ. ಆಕಿಗೆ ನಡೀತೈತಿ, ನಿನಗ್ಯಾಕ ನಡ್ಯಾಂಗಿಲ್ಲ?"

ಅವ್ವ ಬಾಚಣಿಕೆಯಿಂದ ಕೂದಲು ಬಿಡಿಸತೊಡಗಿದಳು. ಉತ್ತರ ನನಗೇ ಹೊಳೆಯಿತು. ಲಿಯೆನ್ ನಾಡಿದ್ದು ವಿಮಾನ ಹತ್ತಿ ಹೋಗುತ್ತಾಳೆ. ಅವ್ವ ನಾಡಿದ್ದೂ ಇದೇ ನಳಕ್ಕೆ ಬರುತ್ತಾಳೆ. ದೂರದವಳ ವೈಧವ್ಯಕ್ಕೆ ಬಟ್ಟೆಯ ಮೇಲೆ ಬಣ್ಣದ ಅಕ್ಷರ ಬರೆಸಬಹುದು. ಪಕ್ಕದ ಖೋಲಿಯವಳದನ್ನು ದಿನವೂ ಎದುರಿಗೆ ನೋಡಬೇಕಾಗುತ್ತದೆ.

"ಒಮ್ಮೆರ ನಿನ್ನ ಕೈಲೆ ಇಡಬೇಕು ಅನಸ್ತೈತೋ ಇಲ್ಲೋ?" ಎಂದು ಕೇಳಿದೆ.

"ಅನಸ್ತೈತಿ," ಎಂದಳು ಅವ್ವ. ತುರುಬು ಕಟ್ಟುತ್ತ, "ನಿಮ್ಮಪ್ಪ ತಂದದ್ದಲ್ಲೇನು," ಎಂದಳು.

ಮರುದಿನ ಸಭಾಗೃಹ ತುಂಬಿತ್ತು. ಗಂಡಸರು ಕುರ್ಚಿಯಲ್ಲಿ, ಹೆಂಗಸರು ಫರಸಿಯ ಮೇಲೆ. ವೇದಿಕೆಯ ಬದಿಗೆ ಒಂದು ಸೀರೆಯ ಪರದೆ, ಅದರ ಹಿಂದೆ ಅಡುಗೆ ಮನೆ. ಸುಮತಿತಾಯಿಯ ಜೊತೆ ಲಿಯೆನ್ ಬಂದಳು. ಸಣ್ಣ ಆಳು, ಅವ್ವನಷ್ಟೇ ವಯಸ್ಸು. ಬಂದೂಕಿನವಳನ್ನು ನಿರೀಕ್ಷಿಸಿದ್ದ ಹುಡುಗರಿಗೆ ನಿರಾಸೆಯಾಯಿತು. ಮೊಣಕಾಲಿನ ಕೆಳಗಿನವರೆಗೆ ಇಳಿದ ನೀಲಿ ನಿಲುವಂಗಿ, ಸೊಂಟದಿಂದ ಕೆಳಗೆ ಎರಡೂ ಬದಿಗೆ ಸೀಳು, ಒಳಗೆ ಬಿಳಿಯ ಪಾಯಿಜಾಮ. ಚಪ್ಪಲಿಯನ್ನು ಬಾಗಿಲಲ್ಲಿ ತಾನೇ ಬಿಟ್ಟಳು.

ನೀಲಕಂಠಪ್ಪ ಕಾಕಾ ಬಹಳ ಹೊತ್ತು ಮಾತಾಡಿದರು. "ಗಂಡ ಸತ್ತರೂ ಆ ತಾಯಂದಿರು ಮೂಲೆಯಲ್ಲಿ ಕೂಡಲಿಲ್ಲ! ನಾಡು ಕಟ್ಟಲು ಹೊರಗೆ ಬಂದರು! ಅಂಥ ತಾಯಂದಿರಿಂದ ನಾವು ಕಲಿಯಬೇಕು!" ಎಂದು ಮೇಜು ಗುದ್ದಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಪರದೆಯ ಹಿಂದೆ ಹಂಚಿನ ಮೇಲೆ ಹೋಳಿಗೆ ಮಗುಚುವ ಸದ್ದು ಕೇಳುತ್ತಿತ್ತು. ನಾನು ತಾಟು ಹಿಡಿದು ನಿಂತಿದ್ದೆ. ಇಷ್ಟು ಜನರಲ್ಲಿ ಒಬ್ಬರಿಗಾದರೂ ಆ ಎರಡು ಸದ್ದು ಒಟ್ಟಿಗೆ ಕೇಳುತ್ತಿಲ್ಲವೇ?

ಲಿಯೆನ್ ಮಾತಾಡಿದ್ದು ಸ್ವಲ್ಪ. ಸುಮತಿತಾಯಿ ಒಂದೊಂದೇ ವಾಕ್ಯವನ್ನು ಹಿಂದಿಯಲ್ಲಿ ಹೇಳಿದರು.

"ಎಲ್ಲರೂ ನನ್ನನ್ನು ಬಂದೂಕಿನ ಬಗ್ಗೆ ಕೇಳುತ್ತಾರೆ. ನಾನು ಮಣ್ಣು ಹೊತ್ತೆ. ನಮ್ಮೂರ ರಸ್ತೆಗೆ ಬಾಂಬು ಬೀಳುತ್ತಿತ್ತು, ನಾವು ಗುಂಡಿ ತುಂಬುತ್ತಿದ್ದೆವು. ಮತ್ತೆ ಬೀಳುತ್ತಿತ್ತು, ಮತ್ತೆ ತುಂಬುತ್ತಿದ್ದೆವು. ಗದ್ದೆ ನಾಟಿ ಮಾಡಿದವರೂ ನಾವೇ. ಮಕ್ಕಳಿಗೆ ನೆಲದ ಕೆಳಗೆ ಶಾಲೆ ನಡೆಸಿದವರೂ ನಾವೇ. ಸುರಂಗದಲ್ಲಿ ಹೆರಿಗೆ ಮಾಡಿಸಿದ್ದೇವೆ. ಇವಕ್ಕೆಲ್ಲ ಪದಕ ಇಲ್ಲ. ನನ್ನ ಪದಕ ಇದು," ಎಂದು ಅವಳು ಬಲ ಹೆಗಲನ್ನು ಮುಟ್ಟಿ ತೋರಿಸಿದಳು. ಅಡ್ಡೆ ಹೊತ್ತು ಅಲ್ಲಿ ಬಟ್ಟೆಯ ಮೇಲಿಂದಲೂ ಕಾಣುವಷ್ಟು ಗಡ್ಡೆಯಾಗಿತ್ತು.

ಫರಸಿಯ ಮೇಲೆ ಕೂತ ಹೆಂಗಸರು ಪಿಸುಗುಟ್ಟಿದರು. ಒಬ್ಬಳ ಕೈ ತನ್ನಿಂದ ತಾನೇ ನೆತ್ತಿಗೆ ಹೋಯಿತು. ಪರದೆ ಒಂದು ಬೆರಳಿನಷ್ಟು ಸರಿದಿತ್ತು. ಆ ಸಂದಿಯಲ್ಲಿ ಅವ್ವನ ಕಣ್ಣು ಕಂಡೆ. ಹೋಳಿಗೆಯ ಸದ್ದು ನಿಂತಿತ್ತು.

"ಈಗ ಉಡಿ ತುಂಬುವ ಕಾರ್ಯಕ್ರಮ," ಎಂದ ಮುರಿಗೆಪ್ಪ.

ಮಲ್ಲಕ್ಕ ಕಾಕಿ ರೇಷ್ಮೆ ಸೀರೆಯಲ್ಲಿ ಎದ್ದು ಬಂದರು. ಅಕ್ಕಿಯ ಬಟ್ಟಲು ಎತ್ತಿದ ಮೇಲೆಯೇ ಎಲ್ಲರಿಗೂ ಹೊಳೆದದ್ದು, ಲಿಯೆನ್‌ಗೆ ಸೆರಗಿಲ್ಲ. ಅಷ್ಟು ದಿನ ಸಿದ್ಧತೆ ಮಾಡಿದೆವು, ಹೆಂಗಸೆಂದರೆ ಸೀರೆ ಉಟ್ಟೇ ಬರುತ್ತಾಳೆಂದು ಎಲ್ಲರೂ ತಿಳಿದಿದ್ದೆವು.

"ಟಾವೆಲ್ ತರ್ರೋ!" ಎಂದರು ಕಾಕಾ.

"ಟಾವೆಲ್ದಾಗ ಉಡಿ ತುಂಬಾಕ ಆಕಿಯೇನ್ ಸಂತಿಗೆ ಬಂದಾಳೇನು?" ಎಂದು ಹೆಂಗಸರ ನಡುವಿನಿಂದ ಆಯಿ ಕೂಗಿದಳು. ಸಭೆ ನಕ್ಕಿತು.

ಸುಮತಿತಾಯಿ ಲಿಯೆನ್‌ಳ ಕಿವಿಯಲ್ಲಿ ಏನೋ ಹೇಳಿ, ತಮ್ಮ ಸೆರಗು ಹಿಡಿದು ತೋರಿಸಿದರು. ಲಿಯೆನ್ ಒಂದು ಕ್ಷಣ ಯೋಚಿಸಿ, ನಿಲುವಂಗಿಯ ಮುಂದಿನ ಪದರನ್ನು ಎರಡೂ ತುದಿ ಹಿಡಿದು ಮೇಲೆತ್ತಿ ಮುಂದೆ ಚಾಚಿದಳು. ನೀಲಿ ಬಟ್ಟೆ ಜೋಳಿಗೆಯಂತಾಯಿತು. ಚಪ್ಪಾಳೆಯೋ ಚಪ್ಪಾಳೆ.

ಮಲ್ಲಕ್ಕ ಕಾಕಿ ಅಕ್ಕಿ ಸುರಿದರು. ತೆಂಗಿನಕಾಯಿ, ಬೆಲ್ಲದ ಅಚ್ಚು, ಉತ್ತತ್ತಿ, ಅಡಿಕೆ, ಅರಿಷಿಣ ಕೊಂಬು, ಬಾಳೆಹಣ್ಣು. ಪರದೇಶದವಳೆಂದು ಎಲ್ಲವನ್ನೂ ಕೈಬಿಚ್ಚಿ ಇಟ್ಟಿದ್ದರು. ಬಟ್ಟೆ ಜಗ್ಗಿತು. ಖಣ ಕಡೆಗೆ ಇಡುವುದು ನಮ್ಮಲ್ಲಿಯ ರೂಢಿ. ಫೋಟೊದವನು ಮುಂದೆ ಬಂದ. ಮಲ್ಲಕ್ಕ ಕಾಕಿ ಅವನ ಕಡೆ ನೋಡುತ್ತ ತಾಟಿಗೆ ಕೈ ಚಾಚಿದರು.

ನಾನು ಖಣವನ್ನು ಎತ್ತಿಕೊಂಡು ಎದೆಗೆ ಹಿಡಿದೆ.

"ಕೊಡಬೇ," ಎಂದರು ನಗುತ್ತಲೇ.

ನಾನು ಕೊಡಲಿಲ್ಲ.

"ಶಾವಂತ್ರೀ, ಫೋಟೊ ತಗೀತಾರ, ಕೊಡ."

"ಅವ್ವ ಬರಲಿ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಖಣ ಅವ್ವಂದು. ಅವ್ವನ ಇಡ್ತಾಳ."

ನೀಲಕಂಠಪ್ಪ ಕಾಕಾ ನನ್ನ ಪಕ್ಕಕ್ಕೆ ಬಂದು ಹಲ್ಲು ಕಚ್ಚಿ, "ಮಂದ್ಯಾಗ ಮರ್ಯಾದಿ ತಗೀಬ್ಯಾಡ. ಆಮ್ಯಾಲೆ ಮಾತಾಡೋಣು," ಎಂದರು. ನಾನು ಖಣವನ್ನು ಇನ್ನೂ ಬಿಗಿಯಾಗಿ ಹಿಡಿದೆ. ಸುಮತಿತಾಯಿ ಏನಾಯಿತೆಂದು ಕೇಳಿದರು. ನನಗೆ ಬರುವ ಹಿಂದಿಯಲ್ಲಿ ಹೇಳಿದೆ: "ಮೇರಿ ಮಾ ಕಾ ಭೀ ಆದ್ಮಿ ಮರ್ ಗಯಾ. ಇಸ್ಲಿಯೇ ಉಸ್ಕೋ ಅಂದರ್ ಬಿಠಾಯಾ."

"ಬಾಯೀ, ವೋ ಬತಾವೋ ಮತ್," ಎಂದರು ಕಾಕಾ ಅವಸರದಿಂದ. ಸುಮತಿತಾಯಿ ಅವರ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಲಿಯೆನ್‌ಗೆ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು. ಲಿಯೆನ್ ಉಡಿ ಹಿಡಿದು ಹಾಗೇ ನಿಂತಳು. ಕಾಯಿಯ ಭಾರಕ್ಕೆ ಬಟ್ಟೆಯ ಒಂದು ತುದಿ ಅವಳ ಕೈಯಿಂದ ಜಾರುತ್ತಿತ್ತು. ಬಲ ಹೆಗಲು ಸ್ವಲ್ಪ ವಾಲಿತ್ತು. ವೇದಿಕೆಯ ಮೇಲಿದ್ದ ಅಷ್ಟೂ ಜನ ಮರ್ಯಾದೆಯ ಚಿಂತೆಯಲ್ಲಿದ್ದರು. ಅವಳಿಗೆ ಕೈ ಕೊಡುವುದು ಒಬ್ಬರಿಗೂ ಹೊಳೆಯಲಿಲ್ಲ.

ಪರದೆ ಸರಿಯಿತು. ಅವ್ವ ಬಂದಳು. ಸೀರೆಯನ್ನು ಎತ್ತಿ ಕಟ್ಟಿದ್ದಳು, ಮೊಣಕೈವರೆಗೆ ಹಿಟ್ಟು. ನನ್ನ ಕಡೆ ನೋಡಿದ ನೋಟದಲ್ಲಿ ಪ್ರೀತಿಯೇನೂ ಇರಲಿಲ್ಲ.

"ಹೊತ್ತಾಕಿನ್ನ ನಿಂದರಿಸಿ ನಾಟಕಾ ನೋಡ್ತೀರೇನು ಎಲ್ಲಾರೂ?" ಎಂದಳು.

ನೇರವಾಗಿ ಹೋಗಿ ಲಿಯೆನ್‌ಳ ಕೈಯ ಕೆಳಗೆ ತನ್ನ ಕೈ ಕೊಟ್ಟಳು. ಭಾರ ಇಬ್ಬರ ಕೈಗೂ ಬಂತು. ಲಿಯೆನ್ ಉಸಿರು ಬಿಟ್ಟಳು. ಮಲ್ಲಕ್ಕ ಕಾಕಿ ರೇಷ್ಮೆ ಸೆರಗನ್ನು ಮೈಗೆ ಸುತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಅವ್ವ ನೋಡಿದಳು, ನೋಡದಂತೆ ಮಾಡಿದಳು. ಒಂದು ಕೈಯನ್ನು ಬಿಡಿಸಿ ಸೊಂಟಕ್ಕೆ ಒರೆಸಿಕೊಂಡು ನನ್ನ ಮುಂದೆ ಚಾಚಿದಳು. "ತಾ."

ಕೊಟ್ಟೆ. ಅವ್ವ ಆ ಹಸಿರು ಖಣವನ್ನು ಒಮ್ಮೆ ಹೆಬ್ಬೆರಳಿನಿಂದ ಸವರಿ, ಅಕ್ಕಿಯ ಮೇಲೆ ಇಟ್ಟಳು.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಉಡಿಗೆ ಕಡೆಯದಾಗಿ ಕೈ ಹಾಕಿದವಳನ್ನು ಬರಿದು ಕಳಿಸಬಾರದು. ತುಂಬಿಸಿಕೊಂಡವಳು ಒಂದು ಹಿಡಿ ಅಕ್ಕಿಯನ್ನು ಅವಳ ಸೆರಗಿಗೆ ಮರಳಿ ಹಾಕಬೇಕು. ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ಆ ದಿನ ಅದನ್ನು ಅತಿಥಿಗೆ ಹೇಳಬೇಕಾದವರು ಯಾರೂ ಬಾಯಿ ಬಿಡಲಿಲ್ಲ. ಕಾಕಾ ಚಾವಣಿ ನೋಡುತ್ತಿದ್ದರು. ಮುರಿಗೆಪ್ಪ ವಂದನಾರ್ಪಣೆಗೆ ಎದ್ದೇ ಬಿಟ್ಟ.

"ಕುಂದರೋ ಮುರಿಗ್ಯಾ!" ಲಕ್ಷ್ಮವ್ವ ಆಯಿ ಫರಸಿಯ ಮೇಲಿಂದ ಎದ್ದು ನಿಂತಿದ್ದಳು. "ಸುಮತಿಬಾಯೀ, ಏಕ್ ಮುಠ್ಠಿ ಚಾವಲ್ ವಾಪಸ್! ಜಿಸ್ನೇ ಕಪಡಾ ದಿಯಾ ಉಸ್ಕೋ!" ಎಂದು ತನ್ನ ಮುಷ್ಟಿಯನ್ನು ಎತ್ತಿ ತೋರಿಸಿದಳು.

ಲಿಯೆನ್ ಕೇಳಿದಳು, ತಿಳಿದುಕೊಂಡಳು. ಸುಮತಿತಾಯಿ ಉಡಿಗೆ ಕೈ ಕೊಟ್ಟರು. ಲಿಯೆನ್ ಹಿಡಿ ತುಂಬ ಅಕ್ಕಿ ತೆಗೆದು ಅವ್ವನ ಎದುರು ಹಿಡಿದಳು. ಅವ್ವ ಅಲುಗಲಿಲ್ಲ. ಸೆರಗು ಒಡ್ಡುವುದು ಅವಳಿಗೆ ಮರೆತೇ ಹೋಗಿತ್ತೋ, ಧೈರ್ಯವಿರಲಿಲ್ಲವೋ. ಅಪ್ಪ ಸತ್ತ ಮೇಲೆ ಆ ಸೆರಗಿಗೆ ಯಾರೂ ಒಂದು ಕಾಳು ಹಾಕಿರಲಿಲ್ಲ. ನಾನೇ ತಾಟು ಕೆಳಗಿಟ್ಟು, ಅವಳ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿ ಚಾಚಿ ಹಿಡಿದೆ. ಅಕ್ಕಿ ಬಿತ್ತು. ಎಲ್ಲರ ಎದುರಿಗೆ.

ಹೆಂಗಸರಲ್ಲಿ ಯಾರೋ ಅತ್ತರು. ಗಂಡಸರು ಕುರ್ಚಿ ಸರಿಸಿದರು. ಅವ್ವ ಗಂಟು ಹಾಕಿಕೊಂಡು ಕಾಕಾನ ಕಡೆ ತಿರುಗಿ, "ಹೋಳಗಿ ಆರತಾವ. ಭಾಷಣ ಉಳಿದಿದ್ರ ಲಗೂ ಮುಗಸ್ರಿ," ಎಂದು ಒಳಗೆ ಹೋದಳು.

ಪತ್ರಿಕೆಯಲ್ಲಿ ಫೋಟೊ ಬಂತು. ಮಲ್ಲಕ್ಕ ಕಾಕಿ ತೆಂಗಿನಕಾಯಿ ಇಡುತ್ತಿರುವುದು. ಅವ್ವನದು ಬರಲಿಲ್ಲ. ಫೋಟೊದವನು ಅದನ್ನು ತೆಗೆದಿದ್ದನ್ನು ನಾನು ನೋಡಿದ್ದೇನೆ.

ಸಭೆಯ ದಿನವೇ ಸಂಜೆ ಆಯಿ ಇನ್ನೊಂದು ಸುದ್ದಿ ತಂದಳು. ಕುಬಸ ಅದೇ ಸಭಾಗೃಹದಲ್ಲಿ ಮಾಡುವುದಿದೆ, ಅದಕ್ಕೆ ಮಲ್ಲಕ್ಕ ನೆಲವನ್ನೆಲ್ಲ ತೊಳೆಸಿ ಶುದ್ಧ ಮಾಡಿಸುತ್ತಾಳಂತೆ. ಅವ್ವ ಆ ಅಕ್ಕಿಯನ್ನು ನಮ್ಮ ಅಕ್ಕಿಯ ಜೊತೆ ಕೂಡಿಸಿ ಒಲೆಯ ಮೇಲಿಟ್ಟಿದ್ದಳು. ನನ್ನ ಮೈ ಉರಿಯಿತು. ಗಂಡ ಸತ್ತ ಇಬ್ಬರು ಆ ವೇದಿಕೆಯ ಮೇಲೆ ನಿಂತಿದ್ದರು. ನೀರು ಹಾಕುವುದು ಯಾರ ಹೆಜ್ಜೆಗೆ ಎಂದು ಕೇಳಲು ನಾನು ಬಾಗಿಲು ದಾಟುತ್ತಿದ್ದೆ. ಅವ್ವ ರಟ್ಟೆ ಹಿಡಿದಳು.

"ತೊಳೀಲಿ ಬಿಡ. ಫರಸಿ ನಾ ತಂದು ಹಾಕಿದ್ದು. ಎಷ್ಟ ಉಜ್ಜತಾರ ಅಷ್ಟ ಹೊಳೀತಾವ."

ಆಯಿ ನಕ್ಕಳು, ಅವ್ವನೂ ನಕ್ಕಳು. ನನಗೆ ನಗು ಬರಲಿಲ್ಲ. ಮರುದಿನ ಮುಂಜಾನೆ ಸಭಾಗೃಹ ಗುಡಿಸಿದೆ. ಗಂಡಸರ ಹೆಸರಿನ ಆ ಕಲ್ಲನ್ನು ಮಾತ್ರ ಒರೆಸದೆ ಬಂದೆ. ಈಗಲೂ ಒರೆಸುವುದಿಲ್ಲ.